ಭೂಮ್ತಾಯಿಗೆ ಬಡಿಸುವ ಹಿಂದಿನ ದಿನ ಬಂದ ಸುದ್ದಿ

ಭೂಮಿ ಹುಣ್ಣಿಮೆ ಅಂದರೆ ಗದ್ದೆಗೆ ಹೋಗಿ ಭೂಮ್ತಾಯಿಗೆ ಉಣಿಸುವ ನಮ್ಮ ಮಲೆನಾಡಿನ ಹಬ್ಬ. ಅದರ ಹಿಂದಿನ ಸಂಜೆ ಎರಡನೇ ಪಟ್ಟಿ ಬಂತು. ಕುವೆಂಪು ವಿಶ್ವವಿದ್ಯಾಲಯ, ಎಂ.ಕಾಂ. ಅದರಲ್ಲಿ ನನ್ನ ಹೆಸರಿತ್ತು. ನಮ್ಮಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆ ಪಕ್ಕದ ದರೆಯ ಮೇಲೆ ಮಾತ್ರ. ಅಲ್ಲಿಂದಲೇ ಕೂಗಿದೆ, "ಅಮ್ಮಾ, ಸೀಟು ಸಿಕ್ತು!" ಅಮಟೆಕಾಯಿ ಜಜ್ಜುತ್ತಿದ್ದ ಅಮ್ಮ ಹಾಗೇ ಎದ್ದು ಬಂದಳು. ಕೈ ಕೂಡ ಒರೆಸಿಕೊಳ್ಳಲಿಲ್ಲ. ಮೊದಲು ದೇವರ ಮುಂದೆ ನಿಂತು ಕೈ ಮುಗಿದಳು, ಆಮೇಲೆ ನನ್ನನ್ನು ತಬ್ಬಿಕೊಂಡು ಅತ್ತಳು.

ಮೊದಲ ಪಟ್ಟಿಯಲ್ಲಿ ಹೆಸರು ಇರಲಿಲ್ಲ. ಆ ದಿನಗಳಲ್ಲಿ ನಾನು ಬೇಡಿಕೊಳ್ಳದ ದೇವರಿಲ್ಲ. ಶಿವಮೊಗ್ಗಕ್ಕೆ ಹೋದಾಗ ಕೋಟೆ ಆಂಜನೇಯನಿಗೆ ಪ್ರದಕ್ಷಿಣೆ ಹಾಕಿದೆ. ಶೃಂಗೇರಿ ಶಾರದಮ್ಮನ ಫೋಟೋ ಪುಸ್ತಕದೊಳಗೆ ಇಟ್ಟುಕೊಂಡೆ. ಅಮ್ಮ ಸಿಗಂದೂರು ಚೌಡಮ್ಮನಿಗೆ ಹರಕೆ ಹೊತ್ತಳು. ನಮ್ಮ ತೋಟಕ್ಕೆ ಚೌಡಮ್ಮನ ಕಾವಲಿದೆ ಅಂತ ಬೋರ್ಡು ಹಾಕಿದ್ದೇವೆ. ಅಡಿಕೆ ಕಾಯುವ ತಾಯಿ ಮಗಳನ್ನು ಕಾಯದೆ ಇರ್ತಾಳಾ ಅಂತ ಅಮ್ಮನ ನಂಬಿಕೆ. ಎಲ್ಲರ ಹತ್ತಿರವೂ ಒಂದೇ ಮಾತು: ಕೊಡು, ಕೊಡು, ಕೊಡು.

ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿ ಮಲೆನಾಡಿನ ಅಡುಗೆಮನೆ ಹೇಗಿರುತ್ತೆ ಅಂತ ನಿಮಗೂ ಗೊತ್ತು. ಒಂದು ಕಡೆ ಕೊಟ್ಟೆ ಕಡುಬು ಬೇಯುತ್ತಿತ್ತು. ಇನ್ನೊಂದು ಒಲೆಯ ಮೇಲೆ ಚರಗದ, ಅಂದರೆ ಗದ್ದೆಗೆ ಬೀರುವ ಎಡೆಯ, ಸೊಪ್ಪಿನ ಪಾತ್ರೆ. ಹರಿವೆ, ಕೆಸು, ಬಸಳೆ, ಕನ್ನೆ ಸೊಪ್ಪು, ಕುಂಬಳದ ಕುಡಿ, ಹೀರೆ ಕುಡಿ, ಹಿತ್ತಲಲ್ಲೂ ಬೇಲಿಯಲ್ಲೂ ಸಿಕ್ಕಿದ್ದೆಲ್ಲ ಅದರೊಳಗೆ. ಅಮ್ಮ ಮುಚ್ಚಳ ತೆಗೆದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಜ್ಜಿ ಬಂದು ಪಕ್ಕದಲ್ಲಿ ಕೂತ ಹಾಗಾಯಿತು.

ಅಜ್ಜಿ ತೀರಿಕೊಂಡು ಮೂರು ವರ್ಷ. ಅವಳ ಕೈಗೆ ಯಾವಾಗಲೂ ಇದೇ ವಾಸನೆ. ಹಸಿ ಸೊಪ್ಪು, ಹೊಗೆ, ಸ್ವಲ್ಪ ಮಣ್ಣು. ಮಹಾನವಮಿ ಮುಗಿಯುವ ಹೊತ್ತಿಗೆ, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಒಣಗಿಸಿ, ಪುಂಡಿ ನಾರಿನ ಕುಂಚ ಹಿಡಿದು ಕೂರುತ್ತಿದ್ದಳು. ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಭತ್ತದ ಸಸಿ, ಏಣಿ, ಗಾಡಿ ಬರೆಯುತ್ತಿದ್ದಳು. ಗೆರೆ ಒಂಚೂರೂ ನಡುಗುತ್ತಿರಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಗದ್ದೆಯಲ್ಲಿ ಕೈ ಮುಗಿದು, "ಪರೀಕ್ಷೆಯಲ್ಲಿ ಫಸ್ಟ್ ಬರಲಿ" ಅಂತ ಜೋರಾಗಿ ಕೇಳಿಕೊಂಡಿದ್ದೆ. ಅಜ್ಜಿ ನನ್ನ ಕೈ ಹಿಡಿದು ಕೆಳಗಿಳಿಸಿದಳು.

"ಬಸುರಿ ಹತ್ರ ಯಾರಾದ್ರೂ ಬೇಡ್ತಾರಾ ಮಗಾ? ಇವತ್ತು ಅವ್ಳಿಗೆ ಏನ್ ಬೇಕು ಅಂತ ನಾವು ಕೇಳ್ಬೇಕು."

ಆಗ ಅರ್ಥವಾಗಿರಲಿಲ್ಲ. ಈ ಸಲ ಸೊಪ್ಪಿನ ಪಾತ್ರೆಯ ಮುಂದೆ ಕೂತಾಗ ಅರ್ಥವಾಯಿತು. ಉಳಿದ ಹಬ್ಬಗಳಲ್ಲೆಲ್ಲ ನಮ್ಮದು ಕೇಳುವ ಕೈ. ಇದೊಂದು ದಿನ ಬಡಿಸುವ ಕೈ. ಭತ್ತ ಹೊಡೆ ಕಟ್ಟಿರುವ ಹೊತ್ತು ಇದು, ತೆನೆ ಇನ್ನೂ ಒಳಗೇ ಇದೆ. ತಾಯಿಗೆ ದಿನ ತುಂಬುತ್ತಾ ಇದೆ. ಅವಳಿಗೆ ಬಯಕೆ. ಹುಳಿ ಬೇಕು, ಸೊಪ್ಪು ಬೇಕು, ಕಡುಬು ಬೇಕು. ಅದನ್ನೆಲ್ಲ ಮಾಡಿ ಅವಳಿದ್ದಲ್ಲಿಗೇ ಹೊತ್ತುಕೊಂಡು ಹೋಗಿ ಉಣಿಸಿ ಬರುತ್ತೇವೆ. ದೇವರನ್ನು ಇಷ್ಟು ಹತ್ತಿರದವಳು ಅಂತ ಕಾಣುವ ಹಬ್ಬ ಇನ್ನೊಂದಿದೆಯಾ? ನನಗಂತೂ ಗೊತ್ತಿಲ್ಲ.

ಬೆಳಗಿನ ಜಾವ ಅಪ್ಪಯ್ಯ ಬುಟ್ಟಿ ಹೊತ್ತು ಗದ್ದೆಗೆ ಹೊರಟರು. ನಾನು ಬ್ಯಾಟರಿ ಹಿಡಿದು ಹಿಂದೆ. ಹುಣ್ಣಿಮೆಯ ಬೆಳಕಿತ್ತು, ಬ್ಯಾಟರಿ ಬೇಕಾಗಲೇ ಇಲ್ಲ. ಅಂಚಿನ ಮೇಲೆ ನಡೆಯುತ್ತಾ, ಭೂಮ್ತಾಯಿ ಬಂದು ಉಂಡು ಹೋಗು ಅಂತ ಕೂಗುತ್ತಾ ಅಪ್ಪಯ್ಯ ಚರಗ ಬೀರಿದರು. ಇಬ್ಬನಿಗೆ ಕಾಲು ಒದ್ದೆ. ಮೊದಲೆಲ್ಲ ಬಯಲಿನ ನಾಲ್ಕೂ ಕಡೆಯಿಂದ ಇಂಥ ಕೂಗು ಕೇಳುತ್ತಿತ್ತು. ಈ ಸಲ ನಮ್ಮದು ಬಿಟ್ಟರೆ ಇನ್ನೊಂದೇ ಕೂಗು.

ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಗದ್ದೆಗಳೆಲ್ಲ ಅಡಿಕೆ ತೋಟ ಆಗುತ್ತಿವೆ. ಭತ್ತದಲ್ಲಿ ಗಿಟ್ಟುವುದಿಲ್ಲ ಅನ್ನುವುದು ನಿಜ. ನಮ್ಮದೂ ಅರ್ಧ ತೋಟವೇ. ಆದರೆ ತೋಟದಲ್ಲೂ ಮಣ್ಣೇ ತಾನೇ ಇರುವುದು? ಅಲ್ಲಿಗೂ ಒಂದು ಹಿಡಿ ಚರಗ ಬೀರಬಹುದಲ್ವಾ? ಬುಟ್ಟಿಗೆ ಬಣ್ಣ ಬರೆಯಲು ಪುರುಸೊತ್ತಿಲ್ಲ ಅಂತ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಒಯ್ಯುವವರನ್ನು ನೋಡಿದ್ದೇನೆ. ಬಸುರಿಗೆ ಬಡಿಸುವಾಗ ಒಳ್ಳೆಯ ಪಾತ್ರೆ ಹುಡುಕುವುದಿಲ್ಲವಾ ನಾವು? ಈ ಸಲ ನಮ್ಮ ಬುಟ್ಟಿಗೆ ನಾನೇ ಬರೆದೆ. ಏಣಿ ಸೊಟ್ಟಗಾಯಿತು, ಭತ್ತದ ಸಸಿ ಪರವಾಗಿಲ್ಲ. ಅಜ್ಜಿಯ ಹಾಗೆ ಬರಲು ಇನ್ನೂ ಹತ್ತು ಹುಣ್ಣಿಮೆ ಬೇಕು.

ಬಿಸಿಲೇರಿದ ಮೇಲೆ ಎಲ್ಲರೂ ಗದ್ದೆಗೆ ಹೋದೆವು. ಅಮ್ಮ ತನ್ನ ಕರಿಮಣಿ ಸರ ತೆಗೆದು ಭತ್ತದ ಬುಡಕ್ಕೆ ಹಾಕಿದಳು. ಅರಿಶಿನ, ಕುಂಕುಮ, ಹೂವು. ಕೈ ಮುಗಿದಾಗ ಅಭ್ಯಾಸಬಲದಿಂದ ಬಾಯಿಗೆ ಏನೋ ಬೇಡಿಕೆ ಬಂತು. ಹಾಸ್ಟೆಲ್ ಸಿಗಲಿ, ಹಾಗೆ, ಹೀಗೆ. ನುಂಗಿಕೊಂಡೆ. "ಹೊಟ್ಟೆ ತುಂಬಾ ಉಣ್ಣಮ್ಮಾ" ಅಂದೆ. ಅಷ್ಟೇ. ಕಣ್ಣು ತುಂಬಿ ಬಂತು.

ಅಲ್ಲೇ ಅಂಚಿನ ಮೇಲೆ ಕೂತು ಬಾಳೆ ಎಲೆಯಲ್ಲಿ ಊಟ. ಕಾಗೆಗಳಿಗೂ ಎಡೆ ಇಟ್ಟೆವು. ಅಪ್ಪಯ್ಯ ಜಾಸ್ತಿ ಮಾತಾಡುವವರಲ್ಲ. "ಶಂಕರಘಟ್ಟದ ಹತ್ರ ಭದ್ರಾ ನೀರಿನ ಗದ್ದೆ ಇದಾವೆ, ನೋಡ್ತಿರು" ಅಂದರು. ನನ್ನ ವಿಶ್ವವಿದ್ಯಾಲಯ ಇರುವುದು ಅಲ್ಲೇ. 1987ರಲ್ಲಿ ಅದು ಶುರುವಾದಾಗ ಅವರಿಗೂ ಓದುವ ವಯಸ್ಸು. ಪಿಯುಸಿಗೆ ನಿಲ್ಲಿಸಿ ನೇಗಿಲು ಹಿಡಿದವರು. ಆ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೊರಡುವ ಮುಂಚೆ ಒಂದು ಕಡುಬನ್ನು ಗದ್ದೆಯಲ್ಲಿ ಹೂಳುವುದು ನಮ್ಮಲ್ಲಿ ಪದ್ಧತಿ. ಕೊಯ್ಲಿನ ಹೊತ್ತಿಗೆ ಅದನ್ನು ತೆಗೆಯಬೇಕು. ಪ್ರತಿ ವರ್ಷ ಅಪ್ಪಯ್ಯನೇ ಹೂಳುತ್ತಿದ್ದರು. ಈ ಸಲ ಕಡುಬನ್ನು ನನ್ನ ಕೈಗೆ ಕೊಟ್ಟು ಅತ್ತ ತಿರುಗಿ ನಿಂತರು. ಮಣ್ಣು ತಣ್ಣಗಿತ್ತು. ಹೂತು, ಮೇಲೆ ಕೈಯಿಂದ ತಟ್ಟಿದೆ.

ಮುಂದಿನ ವಾರ ಕ್ಲಾಸು ಶುರು. ಸಂಕ್ರಾಂತಿ ಜಾತ್ರೆಗೆ ಸಿಗಂದೂರಿಗೆ ಹೋಗಿ ಅಮ್ಮನ ಹರಕೆ ತೀರಿಸಬೇಕು. ಅದಕ್ಕೂ ಮುಂಚೆ ಇನ್ನೊಂದು ಸಲ ಊರಿಗೆ ಬರಲೇಬೇಕು. ಮನೆಗೆ ವಾಪಸ್ ನಡೆಯುವಾಗ ಅಪ್ಪಯ್ಯ ತಿರುಗಿ ನೋಡದೆ ಹೇಳಿದರು:

"ಕೊಯ್ಲಿಗೆ ಎರಡು ದಿನ ರಜೆ ಹಾಕಿ ಬಾ. ಕಡುಬು ಎಲ್ಲಿ ಹೂತಿದ್ದು ಅಂತ ನಿಂಗೊಬ್ಳಿಗೇ ಗೊತ್ತಿರೋದು."