ಎರಡು ಸೆಕೆಂಡಿನ ಕಾಫಿಗೆ ಒಂದು ಹಗಲು

ಮೂಡಿಗೆರೆ ಕಡೆಯ ಒಂದು ಅರೇಬಿಕಾ ಕಾಫಿ ತೋಟ, ಡಿಸೆಂಬರ್ ಎರಡನೇ ವಾರ. ಬೆಳಗಿನ ಜಾವ ನಾಲ್ಕೂವರೆಗೆ ಹೊರಡಬೇಕಿದ್ದ ಜಾಹೀರಾತು ಶೂಟಿಂಗಿನ ಯೂನಿಟ್ ವ್ಯಾನುಗಳು ಐದೂಮುಕ್ಕಾಲಾದರೂ ಹೊರಟಿರಲಿಲ್ಲ. ಪಕ್ಕದ ತೋಟದಲ್ಲಿ ಆನೆಗಳು ದಾಟುತ್ತಿವೆ ಎಂದು ಅರಣ್ಯ ಇಲಾಖೆಯವರು ತಿಳಿಸಿದ್ದರು. ಮೂಡಿಗೆರೆ, ಸಕಲೇಶಪುರದ ಕಡೆ ಕಾಲ್‌ಶೀಟ್ (ಯಾರು ಎಷ್ಟು ಹೊತ್ತಿಗೆ ಎಲ್ಲಿಗೆ ಬರಬೇಕೆಂಬ ಪಟ್ಟಿ) ಬರೆಯುವ ಮೊದಲೇ ಅವರನ್ನು ವಿಚಾರಿಸಿಕೊಳ್ಳಬೇಕು. ಜನರೇಟರ್ ಲಾರಿ ತೋಟದ ಕಿರುದಾರಿಗೆ ಇಳಿದ ಮೇಲೆ ಎದುರಿಗೆ ಆನೆ ಬಂದರೆ ಲಾರಿ ತಿರುಗಿಸಲು ಜಾಗವೇ ಇರುವುದಿಲ್ಲ.

ಜಾಹೀರಾತು ಕಾಫಿ ಪುಡಿಯದು, 30 ಸೆಕೆಂಡಿನದು. ನಮ್ಮ ಟಿವಿಯ ಲೆಕ್ಕ ಸೆಕೆಂಡಿಗೆ 25 ಫ್ರೇಮ್, ಅಂದರೆ ಒಟ್ಟು 750 ಫ್ರೇಮ್. ಸ್ಟೋರಿಬೋರ್ಡಿನಲ್ಲಿ ಹದಿನೇಳು ಶಾಟ್ ಇದ್ದವು: ಮಂಜು ಕವಿದ ತೋಟ, ಹಣ್ಣು ಬಿಡಿಸುವ ಕೈ, ಕಣ, ಅಜ್ಜಿ ಮತ್ತು ಮೊಮ್ಮಗಳು, ಕೊನೆಗೆ ಸ್ಟೀಲ್ ಲೋಟಕ್ಕೆ ಬೀಳುವ ಕಾಫಿ ಮತ್ತು ಅದರ ಪಕ್ಕದಲ್ಲಿ ಪೊಟ್ಟಣ. ಮೊದಲು ಬೇಲೂರಿನ ದೇವಸ್ಥಾನದ ಮುಂದೆ ಒಂದು ಶಾಟ್ ಬೇಕೆಂದಿತ್ತು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಗುಡಿಯಲ್ಲಿ ಚಿತ್ರೀಕರಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದನ್ನು ಪಡೆಯುವಷ್ಟು ದಿನ ಕೈಯಲ್ಲಿರಲಿಲ್ಲ, ಕೈಬಿಟ್ಟರು. ಕೈಬಿಟ್ಟಿದ್ದೇ ಒಳ್ಳೆಯದಾಯಿತು. ಒಂದು ಹಗಲಿಗೆ ಒಂದು ತೋಟ ಸಾಕು.

ಮಂಜಿನ ಶಾಟಿಗೆ ಸಿಗುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ನೆರಳಿನ ಸಿಲ್ವರ್ ಓಕ್ ಮರಗಳ ನೆತ್ತಿಗೆ ಬಿಸಿಲು ತಾಗಿ ಅಲ್ಲಿಂದ ಕೆಳಗಿಳಿಯುವಾಗ ಕಿರಣಗಳು ಗೆರೆಗೆರೆಯಾಗಿ ಕಾಣುತ್ತವೆ. ನೆಲ ಬಿಸಿಯಾದ ಕೂಡಲೇ ಮಂಜು ಕರಗುತ್ತದೆ. ಅಂದು ಆನೆಯಿಂದ ತಡವಾದರೂ ಎಂಟು ಗಂಟೆಯೊಳಗೆ ಮೂರು ಶಾಟ್ ಮುಗಿದವು. ಹಿಂದಿನ ಸಂಜೆಯೇ ಕ್ಯಾಮರಾದ ಜಾಗಕ್ಕೆ ಗೂಟ ಹೊಡೆದು, ಟ್ರಾಲಿಯ ಟ್ರ್ಯಾಕ್ ಹಾಸಿ, ಮಟ್ಟ ನೋಡಿ ಇಟ್ಟಿದ್ದರಿಂದ ಇದು ಸಾಧ್ಯವಾಯಿತು. ಇಳಿಜಾರಿನಲ್ಲಿ ಟ್ರ್ಯಾಕಿನ ಕೆಳಗೆ ಮರದ ತುಂಡುಗಳನ್ನು ಕೊಟ್ಟು ಮಟ್ಟ ಮಾಡಲೇ ಅರ್ಧ ಗಂಟೆ ಬೇಕು. ಬೆಳಿಗ್ಗೆ ಆ ಅರ್ಧ ಗಂಟೆ ಎಲ್ಲಿಂದ ತರುವುದು? ಲೆನ್ಸಿಗೆ ಪೋಲರೈಸರ್ ಕೂಡ ಇಲ್ಲಿ ಅಗತ್ಯ. ಕಾಫಿ ಎಲೆಗೆ ಮೇಣ ಬಳಿದಂಥ ಹೊಳಪಿದೆ. ಫಿಲ್ಟರ್ ಇಲ್ಲದಿದ್ದರೆ ಆಕಾಶದ ಬಿಳುಪು ಎಲೆಯ ಮೇಲೆ ಪ್ರತಿಫಲಿಸಿ ಇಡೀ ತೋಟ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಅದು ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ ಆಗುವುದು) ಬೆಳಕು ತಿನ್ನುತ್ತದೆ, ಲೆಕ್ಕದಲ್ಲಿರಬೇಕು.

ಎಂಟು ಗಂಟೆಗೆ ಕುಯ್ಲಿನ ಆಳುಗಳು ಬಂದರು. ತೋಟದಲ್ಲಿ ಶೂಟಿಂಗ್ ಮಾಡುವವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಗಿಡದಿಂದ ಬಿಡಿಸಿದ ಹಣ್ಣು ಎರಡನೇ ಟೇಕಿಗೆ ಮತ್ತೆ ಗಿಡದಲ್ಲಿ ಇರುವುದಿಲ್ಲ. ಆದ್ದರಿಂದ ಹತ್ತು ದಿನ ಮೊದಲೇ ತೋಟದ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರಿಗೆ ಹೇಳಿ, ಚೆನ್ನಾಗಿ ಹಣ್ಣು ಕಟ್ಟಿದ ಮೂರು ಗಿಡಗಳಿಗೆ ಕೆಂಪು ರಿಬ್ಬನ್ ಕಟ್ಟಿಸಲಾಗಿತ್ತು. ಆ ಗಿಡಗಳನ್ನು ಯಾರೂ ಮುಟ್ಟುವಂತಿರಲಿಲ್ಲ. ಅಗಲದ ಶಾಟ್ ಮೊದಲು, ಹತ್ತಿರದ್ದು ಆಮೇಲೆ, ಕೈಯ ಕ್ಲೋಸಪ್ ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಪ್ಪಿದರೆ ಖಾಲಿ ರೆಕ್ಕೆಗೆ (ಕಾಫಿ ಗಿಡದ ಕೊಂಬೆಗೆ) ಹಣ್ಣನ್ನು ತಂತಿಯಲ್ಲಿ ಕಟ್ಟುತ್ತಾ ಕೂರಬೇಕು, ಹಾಗೆ ಕಟ್ಟಿದ್ದು ಹತ್ತಿರದಿಂದ ಗೊತ್ತಾಗಿಬಿಡುತ್ತದೆ.

ಕ್ಲೋಸಪ್ಪಿಗೆ ನಟಿಯ ಕೈಯನ್ನೇ ಬಳಸುವ ಯೋಚನೆಯಿತ್ತು. ಆಕೆ ರೆಕ್ಕೆಯನ್ನು ಹಿಡಿದು ಒಂದೇ ಎಳೆತಕ್ಕೆ ಕಾಯಿ, ಹಣ್ಣು, ಎಲೆ ಎಲ್ಲ ಸೇರಿಸಿ ಜಗ್ಗಿದರು. ಚಿಕ್ಕಮಗಳೂರಿನ ಯಾರೇ ನೋಡಿದರೂ ತಕ್ಷಣ ತಪ್ಪು ಹಿಡಿಯುತ್ತಾರೆ. ಅರೇಬಿಕಾದಲ್ಲಿ ಹಣ್ಣಾದದ್ದನ್ನು ಮಾತ್ರ ಒಂದೊಂದಾಗಿ ತಿರುವಿ ಬಿಡಿಸುತ್ತಾರೆ. ರೆಕ್ಕೆ ಸೀಳಿದರೆ, ಗಂಟು ಕಿತ್ತರೆ ಮುಂದಿನ ಫಸಲಿಗೆ ಪೆಟ್ಟು. ಕೊನೆಗೆ ಕುಯ್ಲಿನ ಒಬ್ಬ ಅಕ್ಕನ ಕೈಯೇ ಆಯಿತು. ಕೈ ನೋಡದೆ ದೂರಕ್ಕೆ ನೋಡಿ ಎಂದು ನಿರ್ದೇಶಕರು ಹೇಳಿದಾಗ ಆಕೆ, ‘ಕಾಯಿ ಯಾವ್ದು ಹಣ್ಣು ಯಾವ್ದು ಅಂತ ನೋಡ್ದೆ ಹೆಂಗೆ ಕುಯ್ಯೋದು ಸಾರ್?’ ಎಂದರು. ಕೈಯ ಶಾಟಿಗೆ ಮುಖ ಬೇಕಾಗಿರಲಿಲ್ಲ, ಹಾಗಾಗಿ ಅವರ ಪಾಡಿಗೆ ಕುಯ್ಯಲು ಬಿಟ್ಟರು. ಎರಡೇ ಟೇಕಿಗೆ ಮುಗಿಯಿತು.

ಕುಯ್ಲಿನವರಿಗೆ ಕೂಲಿ ಕೆಜಿ ಲೆಕ್ಕದಲ್ಲಿರುತ್ತದೆ. ಕ್ಯಾಮರಾ ಮುಂದೆ ನಿಂತ ಪ್ರತಿ ಗಂಟೆಯೂ ಅವರಿಗೆ ನಷ್ಟ. ಹೆಚ್ಚು ಕುಯ್ದ ದಿನ ಅವರಿಗೆ ಎಷ್ಟು ಸಿಗುತ್ತದೋ ಅದಕ್ಕಿಂತ ಕಡಿಮೆಯಾಗದಂತೆ ಲೆಕ್ಕ ಹಾಕಿ, ಶೂಟಿಂಗಿನ ಹಣವನ್ನು ಬೇರೆಯಾಗಿ, ಅವರ ಕೈಗೇ ಕೊಡಬೇಕು. ಇದು ಬಜೆಟ್ಟಿನಲ್ಲಿ ಮೊದಲೇ ಬರೆದಿರಬೇಕಾದ ಬಾಬತ್ತು. ಪ್ರೊಡಕ್ಷನ್‌ನವರ ಔದಾರ್ಯಕ್ಕೆ ಬಿಡುವಂಥದ್ದಲ್ಲ.

ಮೊಮ್ಮಗಳ ಪಾತ್ರದ ಹುಡುಗಿಗೆ ಎಂಟು ವರ್ಷ. ಬಾಲಕಲಾವಿದರಿಗೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಸಂಭಾವನೆಯ ಕನಿಷ್ಠ ಶೇ. 20 ಭಾಗ ಮಗುವಿನ ಹೆಸರಿನ ಠೇವಣಿಗೆ ಹೋಗಬೇಕು. ಹಾಗಾಗಿ ಮಗುವಿನ ಶಾಟುಗಳನ್ನೆಲ್ಲ ಒಟ್ಟಿಗೆ ಜೋಡಿಸಿ ಹತ್ತರಿಂದ ಮಧ್ಯಾಹ್ನದೊಳಗೆ ಮುಗಿಸಲಾಯಿತು. ಮರಗಳ ಕೆಳಗೆ ಆ ಹೊತ್ತಿನ ಬಿಸಿಲು ಚುಕ್ಕಿಚುಕ್ಕಿಯಾಗಿ ಬೀಳುತ್ತದೆ, ಮುಖದ ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ. ಇಪ್ಪತ್ತಡಿ ಚೌಕದ ಸ್ಕಿಮ್ಮರ್ ಬಟ್ಟೆಯನ್ನು ನಾಲ್ಕು ಮೂಲೆಗೂ ಹಗ್ಗ ಕಟ್ಟಿ ಮೇಲೆ ಹರಡಿದರೆ ಬೆಳಕು ಮೆತ್ತಗಾಗುತ್ತದೆ. ಗಾಳಿ ಬಂದರೆ ಅದೇ ಬಟ್ಟೆ ಹಾಯಿಯಾಗಿ ಸ್ಟ್ಯಾಂಡುಗಳನ್ನು ಎಳೆದು ಬೀಳಿಸುತ್ತದೆ. ಪ್ರತಿ ಸ್ಟ್ಯಾಂಡಿನ ಕಾಲಿಗೂ ಮರಳಿನ ಚೀಲ, ಪ್ರತಿ ಹಗ್ಗಕ್ಕೂ ಒಬ್ಬ ಲೈಟ್‌ಬಾಯ್.

ಲೋಟದ ಶಾಟನ್ನು ಸಂಜೆಗೆ ಇಟ್ಟುಕೊಂಡದ್ದು ಬೇಕೆಂದೇ. ಬಿಸಿ ಕಾಫಿಯಿಂದ ಏಳುವ ನೀರಾವಿ ಕಣ್ಣಿಗೆ ಕಾಣುವುದಿಲ್ಲ. ತಣ್ಣನೆಯ ಗಾಳಿಗೆ ತಾಗಿ ಸಣ್ಣ ಹನಿಗಳಾದಾಗ ಮಾತ್ರ ಹಬೆಯಾಗಿ ಕಾಣುತ್ತದೆ. ಮಧ್ಯಾಹ್ನ ಕುದಿಯುವ ಕಾಫಿ ಇಟ್ಟರೂ ಕ್ಯಾಮರಾಕ್ಕೆ ಹಬೆ ದಕ್ಕದು. ಸಂಜೆ ಏಳಕ್ಕೆ ಚಳಿ ಶುರುವಾಗಿರುತ್ತದೆ. ತೋಟದ ಗೋದಾಮಿನಲ್ಲಿ ಹಿಂದೆ ಕಪ್ಪು ಬಟ್ಟೆ ಕಟ್ಟಿ, ದೀಪವನ್ನು ಲೋಟದ ಹಿಂಬದಿಯಿಂದ ಕೊಟ್ಟರು. ಮುಂದಿನಿಂದ ಕೊಟ್ಟ ಬೆಳಕಿಗೆ ಹಬೆ ಸರಿಯಾಗಿ ಕಾಣುವುದಿಲ್ಲ.

ಸುರಿಯುವ ಧಾರೆಯನ್ನು ಸೆಕೆಂಡಿಗೆ 1,000 ಫ್ರೇಮಿನಲ್ಲಿ ಹಿಡಿಯಬೇಕಿತ್ತು. 25ಕ್ಕೆ ಹೋಲಿಸಿದರೆ ನಲವತ್ತು ಪಟ್ಟು ಬೆಳಕು ಬೇಕು, ಐದು ಸ್ಟಾಪಿಗಿಂತ ಹೆಚ್ಚು. ಕರೆಂಟಿನ ದೀಪಗಳು ನಮ್ಮಲ್ಲಿ ಸೆಕೆಂಡಿಗೆ ನೂರು ಸಲ ಏರಿಳಿಯುತ್ತವೆ. ಕಣ್ಣಿಗೆ ಕಾಣದ ಆ ಮಿಣುಕು ಈ ವೇಗದಲ್ಲಿ ಅಲೆಅಲೆಯಾಗಿ ದಾಖಲಾಗುತ್ತದೆ. ಅದಕ್ಕೇ 10 ಕಿಲೋವ್ಯಾಟಿನ ಎರಡು ಟಂಗ್‌ಸ್ಟನ್ ದೀಪ ಬಳಸಿದ್ದು. ಅವುಗಳ ದಪ್ಪ ತಂತಿ ಅಷ್ಟು ಬೇಗ ತಣಿಯುವುದಿಲ್ಲ, ಬೆಳಕು ಅಲುಗದು. ಗೋದಾಮಿನ ಎಲ್‌ಇಡಿ ಬಲ್ಬುಗಳನ್ನೆಲ್ಲ ಆರಿಸಲಾಯಿತು.

ಎಡವಟ್ಟು ಶುರುವಾದದ್ದು ಇಲ್ಲಿಂದ. ನಾಲ್ಕನೇ ಟೇಕಿನ ಹೊತ್ತಿಗೆ ಹಬೆಯೇ ಮಾಯ. ಆ ಎರಡು ದೀಪಗಳೇ ಗೋದಾಮನ್ನು ಕಾಯಿಸಿಬಿಟ್ಟಿದ್ದವು. ಎರಡೂ ಬದಿಯ ಬಾಗಿಲು ತೆರೆದು, ಟೇಕ್ ಮುಗಿದೊಡನೆ ದೀಪ ಆರಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಚ್ಚುವುದು ಎಂದಾಯಿತು. ಟಂಗ್‌ಸ್ಟನ್ ಆದ್ದರಿಂದ ಸರಿಹೋಯಿತು. ಶೂಟಿಂಗಿನ ಇನ್ನೊಂದು ಬಗೆಯ, ತಂತಿಯಿಲ್ಲದ ಎಚ್‌ಎಂಐ ದೀಪಗಳು ಬಿಸಿಯಲ್ಲಿ ಆರಿದರೆ ತಣಿಯುವತನಕ ಮತ್ತೆ ಹತ್ತಿಕೊಳ್ಳುವ ಭರವಸೆಯಿಲ್ಲ. ಹೊರಗಿನ ಚಳಿಯಿಂದ ತಂದ ಕ್ಯಾಮರಾದ ಲೆನ್ಸಿಗೂ ಆ ಬಿಸಿಯಲ್ಲಿ ಬೆವರು ಕಟ್ಟಿತ್ತು, ಅದು ತಾನಾಗಿ ಆರುವವರೆಗೆ ಕಾಯಬೇಕಾಯಿತು.

ಸ್ಟೀಲ್ ಲೋಟವೆಂದರೆ ಕನ್ನಡಿ. ಕ್ಯಾಮರಾ, ಟ್ರೈಪಾಡ್, ನಿಂತ ಮಂದಿ ಎಲ್ಲ ಅದರಲ್ಲೇ ಕಾಣುತ್ತಾರೆ. ಸುತ್ತ ಬಟರ್ ಪೇಪರಿನ ಗೂಡು ಕಟ್ಟಿ, ಲೆನ್ಸಿನಷ್ಟೇ ತೂತು ಬಿಟ್ಟು, ಲೋಟವನ್ನು ಹತ್ತಿಯ ಕೈಗವಸು ಹಾಕಿಕೊಂಡೇ ಮುಟ್ಟಬೇಕು. ಒಂದು ಬೆರಳಿನ ಗುರುತೂ ಪರದೆಯ ಮೇಲೆ ಕಲೆಯಾಗಿ ನಿಲ್ಲುತ್ತದೆ. ಒಂದು ಗಜ ಎತ್ತರದಿಂದ ಸುರಿಯಬೇಕೆಂಬ ಆಸೆಯಿತ್ತು. ಎತ್ತರ ಹೆಚ್ಚಿದಷ್ಟೂ ಧಾರೆ ತೆಳ್ಳಗಾಗಿ ಹನಿಹನಿ ಒಡೆಯುತ್ತದೆ. ಕೊನೆಗೆ ಒಂದೂಕಾಲು ಅಡಿಗೆ ನಿಂತಿತು. ನೊರೆ ಅರ್ಧ ನಿಮಿಷದಲ್ಲಿ ಕೂರುವುದರಿಂದ ಪ್ರತಿ ಟೇಕಿಗೂ ಹೊಸ ಕಾಫಿ, ಅದೂ ಮಾರುವ ಪುಡಿಯದೇ ಡಿಕಾಕ್ಷನ್. ನೊರೆಗೆ ಸೋಪಿನ ಹನಿ ಹಾಕುವ ಚಾಳಿ ಈ ಕ್ಷೇತ್ರದಲ್ಲಿದೆ. ಕಾಫಿಯನ್ನೇ ಮಾರುವ ಜಾಹೀರಾತಿನಲ್ಲಿ ಅದು ಸುಳ್ಳು, ಮಾಡಬಾರದು. 1985ರಲ್ಲಿ ಶುರುವಾದ ಜಾಹೀರಾತು ಮಾನದಂಡ ಮಂಡಳಿಯ ಸಂಹಿತೆಯ ಮೊದಲ ಅಧ್ಯಾಯವೇ ಪ್ರಾಮಾಣಿಕತೆಯ ಬಗ್ಗೆ.

ಈ ವೇಗದ ಕ್ಯಾಮರಾದಲ್ಲಿ ಸುರಿದಾದ ಮೇಲೆ ಗುಂಡಿ ಒತ್ತುವುದು. ಅದರ ನೆನಪಿನಲ್ಲಿ ಕಳೆದ ಕೆಲವು ಸೆಕೆಂಡುಗಳು ಸದಾ ಸುತ್ತುತ್ತಿರುತ್ತವೆ, ಒತ್ತಿದಾಗ ಅವು ಉಳಿಯುತ್ತವೆ. ಒಂದು ಸೆಕೆಂಡಿನ ಧಾರೆ ಟಿವಿಯಲ್ಲಿ ನಲವತ್ತು ಸೆಕೆಂಡು ಓಡುತ್ತದೆ. ಜಾಹೀರಾತಿನಲ್ಲಿ ಅದಕ್ಕಿದ್ದ ಜಾಗ ಎರಡು ಸೆಕೆಂಡು, ಅಂದರೆ 50 ಫ್ರೇಮ್, ಅಂದರೆ ನಿಜವಾಗಿ ಸುರಿದ ಒಂದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು. ಹದಿನಾಲ್ಕನೇ ಟೇಕ್ ಒಪ್ಪಿಗೆಯಾಯಿತು.

ಅಷ್ಟು ಹೊತ್ತೂ ಪಕ್ಕದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಪಲ್ಪರ್, ಓಡುತ್ತಲೇ ಇತ್ತು. ಅರೇಬಿಕಾ ಹಣ್ಣನ್ನು ಕುಯ್ದ ದಿನವೇ ಪಲ್ಪ್ ಮಾಡದಿದ್ದರೆ ಹುಳಿಯುತ್ತದೆ, ಶೂಟಿಂಗಿಗಾಗಿ ಅದನ್ನು ನಿಲ್ಲಿಸಿ ಎಂದು ಕೇಳುವುದೇ ತಪ್ಪು. ಲೋಟದ ಶಾಟಿಗೆ ಧ್ವನಿ ಬೇಕಿರಲಿಲ್ಲ, ದೀಪಗಳಿಗೆ ನಮ್ಮದೇ ಜನರೇಟರ್ ಇತ್ತು, ಹಾಗಾಗಿ ಯಾರಿಗೂ ತೊಂದರೆಯಾಗಲಿಲ್ಲ. ಚೀಲದಲ್ಲಿ ತೋರಿಸಲು ಬಳಸಿದ ಹಣ್ಣನ್ನೂ ಐದು ಗಂಟೆಗೇ ತೂಕಕ್ಕೆ ಕೊಟ್ಟಾಗಿತ್ತು.

ಒಂಬತ್ತೂವರೆಗೆ ಪ್ಯಾಕಪ್. ಕಾರ್ಡುಗಳ ದತ್ತಾಂಶ ಎರಡು ಡ್ರೈವಿಗೆ ನಕಲಾಗಿ, ತಾಳೆಯಾಗುವವರೆಗೆ ಯಾವ ಕಾರ್ಡನ್ನೂ ಅಳಿಸಲಿಲ್ಲ. ಎರಡು ಡ್ರೈವುಗಳು ಬೆಂಗಳೂರಿಗೆ ಹೊರಟದ್ದು ಎರಡು ಬೇರೆ ವಾಹನಗಳಲ್ಲಿ. ಹೊರಡುವ ಮೊದಲು ಟಾರ್ಚ್ ಹಿಡಿದು ಗಿಡಗಳ ರಿಬ್ಬನ್ ಬಿಚ್ಚಿ ರೈಟರಿಗೆ ಹೇಳಲಾಯಿತು. ಅಲ್ಲಿ ಉಳಿದಿದ್ದ ಹಣ್ಣು ಮರುದಿನದ ಕುಯ್ಲಿಗೆ ಸೇರಿತು.