ಪಾಡ್‌ಕಾಸ್ಟ್ ಶುರು ಮಾಡ್ತೀರಾ? ಮೈಕ್ ಆಮೇಲೆ, ಮೊದಲು ಫೀಡ್ ನೋಡಿ

ಹೋದ ಮಳೆಗಾಲದಲ್ಲಿ ಒಂದು ಸಂಜೆ, ದೊಡ್ಡಮ್ಮ ಅಪ್ಪೆಮಿಡಿ ಬಗ್ಗೆ ಮಾತಾಡಿದ ಎಪಿಸೋಡ್ ಮತ್ತೆ ಕೇಳಬೇಕು ಅನ್ನಿಸಿ ನನ್ನದೇ ಪಾಡ್‌ಕಾಸ್ಟ್ ತೆರೆದೆ. ಎಪಿಸೋಡ್ ಇರಲಿಲ್ಲ. ಅದರ ಹಿಂದಿನದೂ ಇಲ್ಲ, ಅದಕ್ಕೂ ಹಿಂದಿನದೂ ಇಲ್ಲ. ಆಡಿಯೊ ಇಡಲು ನಾನು ಸೇರಿದ್ದ ಹೋಸ್ಟಿಂಗ್ ಕಂಪನಿಯ ಉಚಿತ ಪ್ಲ್ಯಾನ್‌ನಲ್ಲಿ ಮೂರು ತಿಂಗಳು ದಾಟಿದ ಆಡಿಯೊ ತಾನಾಗೇ ಅಳಿಸಿಹೋಗುತ್ತದೆ. ಷರತ್ತುಗಳಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ಮೂಲ ಫೈಲ್ ಆದರೂ ಇದೆಯಾ ಅಂದರೆ, ಫೋನ್‌ನಲ್ಲಿ ಜಾಗ ಇಲ್ಲ, ಹೇಗೂ ಆನ್‌ಲೈನ್‌ನಲ್ಲಿ ಇದೆಯಲ್ಲ ಅಂತ ಅದನ್ನೂ ತೆಗೆದುಬಿಟ್ಟಿದ್ದೆ.

ಆ ರೆಕಾರ್ಡಿಂಗ್ ಮಾಡಿದ್ದು ಸಾಗರದ ಹತ್ತಿರದ ನಮ್ಮ ಹಳ್ಳಿಮನೆಯ ಒಳಕೋಣೆಯಲ್ಲಿ. ಸುತ್ತ ಹಾಸಿಗೆ, ಕಂಬಳಿ ಒಟ್ಟಿದ್ದರಿಂದ ಧ್ವನಿ ಗುಂಯ್ ಅನ್ನುತ್ತಿರಲಿಲ್ಲ. ಅಕ್ಕಿ ಡಬ್ಬದ ಮೇಲೆ ಮಡಿಸಿದ ಟವೆಲ್, ಅದರ ಮೇಲೆ ಫೋನ್. ದೊಡ್ಡಮ್ಮ ಮಾತಾಡುತ್ತಲೇ ಒಂದು ಮಿಡಿ ಎತ್ತಿಕೊಂಡು ತೊಟ್ಟು ಮುರಿದರು. ಟಕ್ ಅಂತ ಸಣ್ಣ ಸದ್ದು. ಸೊನೆ ಮೂಸಿ ನೋಡಿ, "ಇದು ಜೀರಿಗೆ ಪರಿಮಳದ್ದು" ಅಂದರು. ಆಮೇಲೆ, "ನೆಲಕ್ಕೆ ಬಿದ್ದ ಮಿಡಿ ಉಪ್ಪಿನಕಾಯಿಗೆ ಆಗ್ತಿಲ್ಲೆ ತಮಾ." ಆ ಟಕ್ ಮತ್ತೆ ಎಲ್ಲಿಂದ ತರೋದು?

ಪುಣೆಯಲ್ಲಿರುವ ಚಿಕ್ಕಪ್ಪನ ಮಗಳ ಫೋನ್‌ನಿಂದ ಸಿಕ್ಕಿತು. ಅವಳು ಪಾಡ್‌ಕಾಸ್ಟ್ ಕೇಳುವ ಆಂಟೆನಾಪಾಡ್ ಆ್ಯಪ್‌ನಲ್ಲಿ ಅದನ್ನು ಡೌನ್‌ಲೋಡ್ ಮಾಡಿಟ್ಟಿದ್ದಳು, ಅಲ್ಲಿಂದ ಆಡಿಯೊ ಫೈಲನ್ನೇ ಬೇರೆಯವರಿಗೆ ಕಳಿಸಬಹುದು. ಉಳಿದ ಎರಡು ಎಪಿಸೋಡ್ ಯಾರ ಹತ್ತಿರವೂ ಇರಲಿಲ್ಲ.

ಅದಕ್ಕೇ ಈಗ ಯಾರಾದರೂ "ಪಾಡ್‌ಕಾಸ್ಟ್ ಮಾಡಬೇಕು, ಯಾವ ಮೈಕ್ ತಗೊಳ್ಳಲಿ" ಅಂತ ಕೇಳಿದರೆ ನಾನು ಮೊದಲು ಹೋಸ್ಟಿಂಗ್ ಬಗ್ಗೆ ಮಾತಾಡುತ್ತೇನೆ.

ಹೆಚ್ಚಿನವರಿಗೆ ಇರುವ ಕಲ್ಪನೆ ಏನೆಂದರೆ, ಸ್ಪಾಟಿಫೈಗೆ ಒಂದು ಸಲ, ಆ್ಯಪಲ್‌ಗೆ ಒಂದು ಸಲ, ಹೀಗೆ ಪ್ರತಿ ಆ್ಯಪ್‌ಗೂ ಎಪಿಸೋಡ್ ಹಾಕುತ್ತಾ ಹೋಗಬೇಕು ಅಂತ. ಹಾಗಲ್ಲ. ನಿಮ್ಮ ಎಂಪಿ3 ಫೈಲ್ ಒಂದೇ ಕಡೆ ಇರುತ್ತದೆ, ಅದು ಹೋಸ್ಟ್. ಆ ಹೋಸ್ಟ್ ನಿಮ್ಮ ಪಾಡ್‌ಕಾಸ್ಟ್‌ಗೆ ಒಂದು ಆರ್‌ಎಸ್‌ಎಸ್ ಫೀಡ್ ಮಾಡಿಕೊಡುತ್ತದೆ. ಫೀಡ್ ಅಂದರೆ ಒಂದು ಪಟ್ಟಿ ಅಷ್ಟೇ: ಪಾಡ್‌ಕಾಸ್ಟ್ ಹೆಸರು, ಚಿತ್ರ, ಪ್ರತಿ ಎಪಿಸೋಡಿನ ಶೀರ್ಷಿಕೆ, ತಾರೀಕು, ಆಡಿಯೊ ಎಲ್ಲಿದೆ ಅನ್ನುವ ಲಿಂಕ್. ಆ ಫೀಡಿನ ವಿಳಾಸವನ್ನು ಆ್ಯಪ್‌ಗಳಿಗೆ ಒಂದೇ ಒಂದು ಸಲ ಕೊಡಬೇಕು. ಆಮೇಲೆ ನೀವು ಹೋಸ್ಟ್‌ಗೆ ಹೊಸ ಎಪಿಸೋಡ್ ಹಾಕಿದಾಗ ಅವು ತಾವೇ ಬಂದು ನೋಡಿಕೊಂಡು ಹೋಗುತ್ತವೆ. ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ಬಂದದ್ದು 2005ರಲ್ಲಿ, ಅವತ್ತಿನಿಂದ ಇವತ್ತಿಗೂ ಇದೇ ಲೆಕ್ಕ.

ಇದರ ಬೆಲೆ ಗೊತ್ತಾಗಿದ್ದು 2024ರಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್ ಮುಚ್ಚಿದಾಗ. ಕೇಳುಗರು ಬೇರೆ ಆ್ಯಪ್‌ಗೆ ಹೋಗಬೇಕಾಯಿತು, ನಿಜ. ಆದರೆ ಪಾಡ್‌ಕಾಸ್ಟ್ ಮಾಡುವವರ ಫೀಡ್‌ಗೆ ಏನೂ ಆಗಲಿಲ್ಲ. ಆ್ಯಪ್ ಹೋದರೂ ಫೀಡ್ ಇದ್ದರೆ ನೀವು ಇದ್ದೀರಿ. ಫೀಡ್ ಹೋದರೆ ಮಾತ್ರ ಎಲ್ಲಾ ಕಡೆಯಿಂದಲೂ ಹೋದ ಹಾಗೆ.

ಹಾಗಾಗಿ ಹೋಸ್ಟ್ ಆರಿಸುವಾಗ ಮೂರು ಪ್ರಶ್ನೆ ಕೇಳಿ. ಹಳೆಯ ಎಪಿಸೋಡ್ ಎಷ್ಟು ದಿನ ಉಳಿಸುತ್ತೀರಿ? ದುಡ್ಡು ಕಟ್ಟೋದು ನಿಲ್ಲಿಸಿದರೆ ಏನಾಗುತ್ತದೆ? ನಾಳೆ ನಾನು ಬೇರೆ ಹೋಸ್ಟ್‌ಗೆ ಹೋದರೆ ಹಳೆಯ ಫೀಡಿನಿಂದ ಹೊಸದಕ್ಕೆ ರೀಡೈರೆಕ್ಟ್ ಹಾಕಿಕೊಡುತ್ತೀರಾ? ಮೂರನೆಯದು ತುಂಬಾ ಮುಖ್ಯ. ಪೋಸ್ಟ್ ಆಫೀಸಿಗೆ ಹೊಸ ಮನೆ ವಿಳಾಸ ಬರೆದುಕೊಟ್ಟರೆ ಕಾಗದ ಅಲ್ಲಿಗೇ ಬರುತ್ತದಲ್ವಾ, ಹಾಗೆ. ರೀಡೈರೆಕ್ಟ್ ಇಲ್ಲದಿದ್ದರೆ ಸಬ್‌ಸ್ಕ್ರೈಬ್ ಆದವರೆಲ್ಲ ಹಳೆಯ ಬಾಗಿಲ ಮುಂದೆಯೇ ನಿಂತಿರುತ್ತಾರೆ, ನೀವು ಮನೆ ಬದಲಿಸಿದ್ದು ಅವರಿಗೆ ಗೊತ್ತೇ ಆಗುವುದಿಲ್ಲ.

ಸ್ಪಾಟಿಫೈ ಫಾರ್ ಕ್ರಿಯೇಟರ್ಸ್ ಅಂತ ಒಂದು ಹೋಸ್ಟ್ ಇದೆ, ಮೊದಲು ಆ್ಯಂಕರ್ ಅಂತಿತ್ತು. ಉಚಿತ, ಶುರು ಮಾಡೋದು ಸುಲಭ. ಸ್ವಂತ ವರ್ಡ್‌ಪ್ರೆಸ್ ತಾಣ ಇದ್ದವರು ಪವರ್‌ಪ್ರೆಸ್ ಪ್ಲಗಿನ್ (ತಾಣಕ್ಕೆ ಸೇರಿಸುವ ಸಣ್ಣ ಸಾಫ್ಟ್‌ವೇರ್) ಹಾಕಿಕೊಂಡು ಫೀಡನ್ನು ತಮ್ಮ ಡೊಮೈನ್‌ನಲ್ಲೇ, ಅಂದರೆ ತಮ್ಮದೇ ತಾಣದ ವಿಳಾಸದಲ್ಲೇ ಇಟ್ಟುಕೊಳ್ಳಬಹುದು. ನಾನು ಈಗ ಹೀಗೇ ಮಾಡಿದ್ದೇನೆ, ಆಡಿಯೊ ಫೈಲ್‌ಗಳು ಇಂಟರ್ನೆಟ್ ಆರ್ಕೈವ್ ಅನ್ನುವ ಆನ್‌ಲೈನ್ ಸಂಗ್ರಹದಲ್ಲಿವೆ. ಸ್ವಲ್ಪ ಕೆಲಸ ಜಾಸ್ತಿ, ಆದರೆ ವಿಳಾಸ ನನ್ನದು. ಗೂಗಲ್ ಡ್ರೈವ್‌ನಲ್ಲಿ ಫೈಲ್ ಇಟ್ಟು ಲಿಂಕ್ ಕೊಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ಆ್ಯಪ್‌ಗೆ ನೇರವಾಗಿ ಎಂಪಿ3 ಸಿಗಬೇಕು, ಕೇಳುಗರು ಮಧ್ಯಕ್ಕೆ ಜಿಗಿದರೆ ಅಲ್ಲಿಂದಲೇ ಕೊಡುವಂತಿರಬೇಕು. ಡ್ರೈವ್ ಇರೋದು ಆ ಕೆಲಸಕ್ಕಲ್ಲ.

ಫೀಡ್‌ನಲ್ಲಿ ಒಂದು ಇಮೇಲ್ ಹಾಕಬೇಕಾಗುತ್ತದೆ. ಈ ಪಾಡ್‌ಕಾಸ್ಟ್ ನಿಮ್ಮದೇ ಅಂತ ಖಾತ್ರಿ ಮಾಡಿಕೊಳ್ಳಲು ಸ್ಪಾಟಿಫೈನಂಥವರು ಕೋಡ್ ಕಳಿಸೋದು ಅಲ್ಲಿಗೇ. ಫೀಡ್ ಯಾರು ಬೇಕಾದರೂ ತೆರೆದು ನೋಡಬಹುದಾದ್ದರಿಂದ ಮನೆಯ, ಬ್ಯಾಂಕಿನ ಇಮೇಲ್ ಹಾಕಬೇಡಿ. ಇದಕ್ಕೇ ಅಂತ ಬೇರೆ ಒಂದು ಮಾಡಿಕೊಳ್ಳಿ.

ಭಾಷೆ ಅನ್ನುವ ಜಾಗದಲ್ಲಿ ಎಷ್ಟೋ ಜನ ಇಂಗ್ಲಿಷ್ ಅಂತಲೇ ಬಿಟ್ಟಿರುತ್ತಾರೆ. ದಯವಿಟ್ಟು ಕನ್ನಡ ಆರಿಸಿ. ಹೆಸರನ್ನೂ ಕನ್ನಡ ಲಿಪಿಯಲ್ಲೇ ಬರೆಯಿರಿ, ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರೂ ಇರುತ್ತಾರೆ, ಅವರಿಗೆ ವಿವರಣೆಯಲ್ಲಿ ಒಂದು ಸಾಲು ಸಾಕು. ಚಿತ್ರ ಚೌಕವಾಗಿರಲಿ. ಆ್ಯಪಲ್ ಕೇಳೋದು ಕಡಿಮೆ ಅಂದರೆ 1400, ಹೆಚ್ಚೆಂದರೆ 3000 ಪಿಕ್ಸೆಲ್. ಆದರೆ ನೋಡುವವರು ನೋಡೋದು ಫೋನ್‌ನಲ್ಲಿ, ಬೆರಳುಗುರಿನಷ್ಟು ಜಾಗದಲ್ಲಿ. ಒತ್ತಕ್ಷರ ತುಂಬಿದ ಉದ್ದ ಹೆಸರು ಅಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತದೆ.

ಫೈಲಿನ ತೂಕದ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ನಮ್ಮೂರಲ್ಲಿ ಮಳೆ ಜೋರಾದರೆ ನೆಟ್‌ವರ್ಕ್ ಸಿಗೋದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಬರೀ ಮಾತಾದರೆ ಮೋನೋ (ಎರಡೂ ಕಿವಿಗೆ ಒಂದೇ ಧ್ವನಿ), 64 ಕೆಬಿಪಿಎಸ್ (ಒಂದು ಸೆಕೆಂಡಿನ ಆಡಿಯೊಗೆ ಎಷ್ಟು ಕಿಲೋಬಿಟ್ ಡೇಟಾ ಅನ್ನುವ ಅಳತೆ) ಸಾಕು. ಅರ್ಧ ಗಂಟೆಗೆ ಸುಮಾರು 14 ಎಂಬಿ. 128 ಇಟ್ಟರೆ ಅದರ ಎರಡರಷ್ಟು. ಹಾಡು, ವಾದ್ಯ ಇದ್ದರೆ 128 ಇರಲಿ, ಮಾತಿಗೆ ಬೇಡ. ಆಡಾಸಿಟಿ ಉಚಿತ ಸಾಫ್ಟ್‌ವೇರ್, ಅದರಲ್ಲಿ ಇದೆಲ್ಲ ಮಾಡಬಹುದು. ಅದರಲ್ಲೇ ಲೌಡ್‌ನೆಸ್ ಸರಿಮಾಡುವ ಆಯ್ಕೆಯೂ ಇದೆ. ಆ್ಯಪಲ್ ಹೇಳುವ ಮಟ್ಟ ಮೈನಸ್ 16 ಎಲ್‌ಯುಎಫ್‌ಎಸ್, ಅದು ಧ್ವನಿ ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವುದರ ಅಳತೆ. ಅಷ್ಟಕ್ಕೆ ಇಟ್ಟರೆ ಬಸ್ಸಿನಲ್ಲಿ ಕೇಳುವವರು ಪ್ರತಿ ಸಲ ವಾಲ್ಯೂಮ್ ಏರಿಸಿ ಇಳಿಸಿ ಮಾಡಬೇಕಾಗಿಲ್ಲ.

ಎಂಪಿ3 ಮಾಡಿದ ಮೇಲೆ ಮೂಲ ವೇವ್ ಫೈಲ್ (ಕುಗ್ಗಿಸದ ರೆಕಾರ್ಡಿಂಗ್) ಮಾತ್ರ ಅಳಿಸಬೇಡಿ. ಅರ್ಧ ಗಂಟೆಯ ಮೋನೋ ವೇವ್ 160 ಎಂಬಿ ಹತ್ತಿರ ಬರುತ್ತದೆ. ಬರಲಿ ಬಿಡಿ. ನಾನು ಒಂದು ಹಾರ್ಡ್ ಡಿಸ್ಕ್ ಮನೆಯಲ್ಲಿ, ಇನ್ನೊಂದು ತಮ್ಮನ ಮನೆಯಲ್ಲಿ ಇಟ್ಟಿದ್ದೇನೆ. ಪ್ರತಿ ಫೋಲ್ಡರಿಗೂ ತಾರೀಕು, ಮಾತಾಡಿದವರ ಹೆಸರು.

ಕಳೆದುಹೋದ ಎರಡರಲ್ಲಿ ಒಂದು, ದೊಡ್ಡಮ್ಮ ಮದುವೆಯಾಗಿ ಈ ಮನೆಗೆ ಬಂದ ದಿನದ ಕಥೆ. ಮತ್ತೆ ಹೇಳಿ ಅಂದೆ. "ಹೇಳಿದ್ದನ್ನೇ ಎಷ್ಟು ಸಲ ಹೇಳದು" ಅಂದರು, ಆದರೂ ಒಪ್ಪಿದ್ದಾರೆ. ಶನಿವಾರ ಸಾಗರದ ಬಸ್ಸು ಹತ್ತುತ್ತಿದ್ದೇನೆ.