‘ಟೀನ್’ ಅಂದಾಗ ನಡುವಿನ ಮಾತು ಕೇಳಿಸಿಕೊಳ್ಳಿ

ಐರ್ಲೆಂಡಿನ ಗಾಲ್ವೇ ಕೌಂಟಿಯಲ್ಲಿ, ವಯಸ್ಸಾದವರ ಆರೈಕೆ ಕೇಂದ್ರದಲ್ಲಿ ನಾನು ನರ್ಸ್. ಕೆಲಸವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ. ಆದರೆ ಕೊನೆಮಾರಾ ಕಡೆಯ ಅನೇಕ ಹಿರಿಯರಿಗೆ ಮನೆಮಾತು ಐರಿಷ್. ಮರೆವಿನ ಕಾಯಿಲೆ ಜಾಸ್ತಿಯಾದಂತೆ ಕೆಲವರು ಇಂಗ್ಲಿಷ್ ಬಿಟ್ಟು ಅದೇ ಭಾಷೆಗೆ ಮರಳುತ್ತಾರೆ. ಹೊಸದಾಗಿ ಬರುವ ನಮ್ಮ ಕಡೆಯ ನರ್ಸ್‌ಗಳಿಗೆ ನಾನು ಮೊದಲು ಕಲಿಸುವ ಪದ ‘ಟೀನ್’.

ಹುಷಾರಿಲ್ಲ ಅನ್ನುವುದಕ್ಕೂ ನೋಯುತ್ತಿದೆ ಅನ್ನುವುದಕ್ಕೂ ಇದೇ ಪದ. ‘ಟಾ ಮೇ ಟೀನ್’ ಅಂದರೆ ನನಗೆ ಹುಷಾರಿಲ್ಲ. ‘ಟಾ ಮೊ ಲಾವ್ ಟೀನ್’ ಅಂದರೆ ನನ್ನ ಕೈ ನೋಯುತ್ತಿದೆ. ಐರಿಷಿನಲ್ಲಿ ಕ್ರಿಯಾಪದ ಮೊದಲು ಬರುತ್ತದೆ, ಟೀನ್ ಕೊನೆಗೆ. ನೋವಿನ ಜಾಗ ನಡುವೆ ಇರುತ್ತದೆ. ಟೀನ್ ಕಿವಿಗೆ ಬಿದ್ದ ಕೂಡಲೇ ‘ಹುಷಾರಿಲ್ಲವಂತೆ’ ಎಂದು ಬರೆದುಬಿಟ್ಟರೆ ಕೈಯ ವಿಷಯ ಚಾರ್ಟಿಗೆ ಬರುವುದೇ ಇಲ್ಲ.

ಇನ್ನೊಂದು ತೊಡಕು, ಪದ ವೇಷ ಬದಲಿಸುತ್ತದೆ. ‘ನೋಯುವ ಕೈ’ ಅನ್ನಬೇಕಾದರೆ ‘ಲಾವ್ ಹೀನ್’. ಲಾವ್ ಸ್ತ್ರೀಲಿಂಗ, ಹಾಗಾಗಿ ಅದಕ್ಕೆ ಅಂಟಿಕೊಂಡು ಬರುವ ವಿಶೇಷಣದ ಮೊದಲ ಅಕ್ಷರ ಮೆತ್ತಗಾಗಿ ಹಕಾರವಾಗುತ್ತದೆ. ಬಹುವಚನದಲ್ಲಿ ‘ಟಿನ್ಯ’, ಸ್ತ್ರೀಲಿಂಗದ ಷಷ್ಠಿಯಲ್ಲೂ ಅದೇ. ನಮ್ಮ ‘ಒಳ್ಳೆಯ’ ಹುಡುಗನಿಗೂ ಹುಡುಗಿಗೂ ಮಕ್ಕಳಿಗೂ ಒಂದೇ ಅಲ್ವಾ, ಅದಕ್ಕೇ ಇದು ನಮ್ಮ ಕಿವಿಗೆ ಬೇಗ ಹತ್ತುವುದಿಲ್ಲ. ದಕ್ಷಿಣದ ಮನ್‌ಸ್ಟರ್ ಕಡೆ ಹುಷಾರಿಲ್ಲದವರಿಗೆ ‘ಬ್ರೋಟ್ಯ’ ಅನ್ನುತ್ತಾರೆ. ಅದು ‘ಟಿನ್ಯ’ದಂತೆ ಬಾಲ ಬೆಳೆಸುವುದಿಲ್ಲ.

ವಾರ್ಡಿನಲ್ಲಿ ತುಂಬಾ ಮುಖ್ಯವಾದ ರೂಪ ‘ನೀಸ್ ಟಿನ್ಯ’. ಮೊದಲಿಗಿಂತ ಜಾಸ್ತಿ ನೋವು ಅಂತ. ಒಬ್ಬ ಅಜ್ಜಿ ಬೆಳಿಗ್ಗೆ ಕೈ ತೋರಿಸಿ ಟೀನ್ ಅಂದಿದ್ದರು. ಸಂಜೆ ಮಾತ್ರೆ ಕೊಡಲು ಹೋದರೆ ಅದೇ ಕೈ, ಆದರೆ ‘ನೀಸ್ ಟಿನ್ಯ’. ತೋಳು ಮೇಲೆತ್ತಿ ನೋಡಿದೆ. ಮಣಿಕಟ್ಟು ಊದಿತ್ತು, ಬಿಸಿಯಾಗಿತ್ತು. ಆಗಲೇ ಡಾಕ್ಟರಿಗೆ ಫೋನ್ ಮಾಡಿದೆ. ‘ನೀಸ್’ ಕೇಳಿಸದಿದ್ದರೆ ಬೆಳಗಿನ ದೂರೇ ಮತ್ತೆ ಅಂದುಕೊಳ್ಳುವುದು ಎಷ್ಟು ಸುಲಭ!

ತಲೆನೋವಾದರೆ ಅವರು ‘ಟಿನ್ಯಸ್ ಕೀನ್’, ಅಂದರೆ ತಲೆನೋವು, ನನ್ನ ಮೇಲಿದೆ ಅನ್ನುತ್ತಾರೆ. ನಾವು ನನಗೆ ತಲೆನೋವಿದೆ ಅಂದ ಹಾಗೇ, ನೋವೇ ಬಂದು ಕೂತಿರುವುದು. ಈಗ ಶಿಫ್ಟ್ ಬದಲಾಗುವಾಗ ನಾವು ಅವರು ಆಡಿದ ಮಾತನ್ನೇ ಐರಿಷಿನಲ್ಲಿ ಬರೆದು, ಪಕ್ಕದಲ್ಲಿ ಅಂಗ, ಸಮಯ, ‘ನೀಸ್’ ಇತ್ತೋ ಇಲ್ಲವೋ ಎಂದು ಸೇರಿಸುತ್ತೇವೆ.